ಸೈಕಲ್ ಟ್ಯೂಬಿನ ಆಯುಷ್ಯ

ನಮ್ಮ ವಾಚಕ ಬಂಧು-ಭಗಿನಿಯರಲ್ಲಿ ಕೆಲವರು ಈ ಸಲದ ತಲೆಬರಹವನ್ನು ನೋಡಿ ನಗಬಹುದು. ಉಪ್ಪಿನಕಾಯಿಯನ್ನು ವರುಷಗಟ್ಟಲೆ ಕೆಡದಂತೆ ಇಡುವದು ಹೇಗೆ, ಜೋಳಕ್ಕೆ ನುಸಿ ಹತ್ತದಂತೆ ಏನು ಮಾಡಬೇಕು, ರೇಶಿಮೆಯ ಸೀರೆಯ ಮಡಿಕೆಯನ್ನು ಎಷ್ಟು ದಿನಕ್ಕೊಮ್ಮೆ ಬದಲಿಸಬೇಕು ಎಂಬಂಥ ವಿಷಯಗಳನ್ನು ಬಿಟ್ಟು, ಈ ಮಾಸ್ತರರು ಸೈಕಲ್ಲಿನ ಟ್ಯೂಬಿಗೆ ಏಕೆ ಕೈಹಾಕಿದರು ಎಂದು ಅವರಿಗೆ ಅನಿಸುವದು ಸಹಜವೇ. ಆದರೆ ಗೃಹಸ್ಥನ ಮನೆಯಲ್ಲಿರುವ ಒಡವೆಗಳಲ್ಲಿ ಯಾವದು ದೊಡ್ಡದು, ಯಾವದು ಸಣ್ಣದು ಎಂಬುದು ಅದರ ಬೆಲೆಯಿಂದ ನಿರ್ಣಯವಾಗುವದಿಲ್ಲ. ಅದು ಕೈಕೊಟ್ಟಾಗ ಏನು ಹಾನಿಯಾಗುವದೆಂಬುದರಿಂದ ನಿರ್ಣಯವಾಗುವದು. ಈ ಪಾಠವನ್ನು ನಾವು ಇತರರಿಗೆ ಹೇಳುತ್ತ ಮೂವತ್ತು ವರುಷಗಳಿಗಿಂತ ಹೆಚ್ಚು ಕಾಲ ಕಳೆದೆವು; ಸ್ವತಃ ಕಲಿತದ್ದು ಮಾತ್ರ ಹೋದ ವರುಷದ ಮಾರ್ಚ್ ತಿಂಗಳಲ್ಲಿ.

ನಮ್ಮ ಸಾವಳಗಿಯ ಹೊರಗೆ ತೋಟದ ವಸ್ತಿಗಳಲ್ಲಿ ಬಹಳ ಕುಟುಂಬಗಳು ಇರುತ್ತವೆ. ಅಂಥ ಒಂದು ವಸ್ತಿಯ ಹುಡುಗಿಯೊಬ್ಬಳು ಸಂಜೆಯ ಹೊತ್ತು ನಮ್ಮ ಮನೆಗೆ ಪಾಠಕ್ಕೆ ಬರುತ್ತಿದ್ದಳು. ಹೋಗಿ ಬರುವದೆಲ್ಲ ಸೈಕಲ್ಲಿನ ಮೇಲೆ. ಸರಕಾರವು ೨೦೦೬-೦೭ರಲ್ಲಿ ಎಂಟನೆಯ ಇಯತ್ತೆಯ ಮಕ್ಕಳಿಗೆ ಸೈಕಲ್ ಕೊಡುವ ಯೋಜನೆಯನ್ನು ಆರಂಭಿಸಿತಷ್ಟೆ; ಆ ಯೋಜನೆಯಲ್ಲಿ ಅವಳ ಅಕ್ಕನಿಗೆ ಬಂದ ಸೈಕಲ್ ಅದು. ಅಕ್ಕನ ಲಗ್ನವಾದ ಮೇಲೆ ತಂಗಿಗೆ ದಕ್ಕಿತ್ತು. ಹತ್ತನೆಯ ಇಯತ್ತೆಯ ಪರೀಕ್ಷೆಗೆ ಎರಡು ದಿನ ಉಳಿದಾಗ ಅದರ ಹಿಂದಿನ ಗಾಲಿಗೆ ಮುಳ್ಳು ಚುಚ್ಚಿತು. ಮೊದಲೇ ಏಳೆಂಟು ತೇಪೆ ಬಿದ್ದ ಟ್ಯೂಬು. ಇನ್ನೊಂದಕ್ಕೆ ಅದರಲ್ಲಿ ಸ್ಥಳವಿರಲಿಲ್ಲ. ಆಗ ನಾವು ಬಹು ಉದಾರರಾಗಿ, “ನಮ್ಮಲ್ಲಿ ಹೊಸ ಟ್ಯೂಬು ಇದೆ, ಒಯ್ಯವ್ವ” ಎಂದು ಅಟ್ಟದಿಂದ ಒಂದನ್ನು ತೆಗೆದು ಕೊಟ್ಟೆವು.

ಆ ಟ್ಯೂಬು ಹೊಸದು ನಿಜ; ಒಮ್ಮೆಯೂ ಗಾಲಿಗೆ ಏರಿರಲಿಲ್ಲ. ಆದರೆ ನಾವು ಅದನ್ನು ಸಂತೆಯ ದಿನ ಅಗ್ಗಕ್ಕೆ ಸಿಕ್ಕಿತೆಂದು ಕೊಂಡು ಎಂಟು ವರುಷಗಳಾಗಿದ್ದವು. ಎರಡು ಕೊಂಡಿದ್ದೆವು, ಒಂದನ್ನು ಅಟ್ಟದ ಕಿಟಕಿಯ ಪಕ್ಕದ ಮೊಳೆಗೆ ಮಡಿಚಿ ದಾರ ಬಿಗಿದು ತೂಗು ಹಾಕಿದ್ದೆವು, ಇನ್ನೊಂದನ್ನು ಉಪಯೋಗ ತಪ್ಪಿದ ತಾಮ್ರದ ಹಂಡೆಯಲ್ಲಿ ಹಾಕಿದ್ದೆವು. ಅಟ್ಟದ ಮೇಲಿನ ಮಾಡು ತಗಡಿನದು. ಕೊಟ್ಟದ್ದು ಮೊಳೆಯ ಮೇಲಿನದನ್ನು. ಪರೀಕ್ಷೆಯ ದಿನ ಬೆಳಿಗ್ಗೆ ಹುಡುಗಿಯು ವಸ್ತಿಯಿಂದ ಹೊರಟು ಅರ್ಧ ದಾರಿಗೆ ಬಂದಾಗ ಅದು ಪಟಾರನೆ ಒಡೆಯಿತು. ಮುಳ್ಳಿಲ್ಲ, ಕಲ್ಲಿಲ್ಲ. ಸೈಕಲ್ಲನ್ನು ಬದುವಿನ ಮೇಲೆ ಚೆಲ್ಲಿ ಅವಳು ಓಡತೊಡಗಿದಳು. ದೈವವಶಾತ್ ಹಾಲಿನ ಕ್ಯಾನು ಹೊತ್ತು ಹೊರಟಿದ್ದ ಒಬ್ಬ ಮೋಟಾರ್ ಸೈಕಲ್ಲಿನವರು ಅವಳನ್ನು ಕೂಡ್ರಿಸಿಕೊಂಡು ಕೇಂದ್ರಕ್ಕೆ ಮುಟ್ಟಿಸಿದರು. ಬಾಗಿಲು ಮುಚ್ಚುವದಕ್ಕೆ ಕೆಲವೇ ನಿಮಿಷ ಉಳಿದಿದ್ದವಂತೆ. ಆ ಹಾಲಿನವರು ಆ ಹೊತ್ತಿಗೆ ಆ ದಾರಿಯಿಂದ ಬಾರದಿದ್ದರೆ, ನಮ್ಮ ಔದಾರ್ಯವು ಒಂದು ಹುಡುಗಿಯ ಒಂದು ವರುಷವನ್ನು ನುಂಗುತ್ತಿತ್ತು. ಹಳ್ಳಿಯಲ್ಲಿ ಹೆಣ್ಣುಮಗಳ ಒಂದು ವರುಷ ಹೋಯಿತೆಂದರೆ ಅದು ಬಹುಶಃ ಅವಳ ಓದೆಲ್ಲವೂ ಹೋದಂತೆ, ಎಂಬುದನ್ನು ನಾವು ನಮ್ಮ ನೌಕರಿಯಲ್ಲಿ ಕಣ್ಣಾರೆ ಕಂಡವರು.

ಸಂಜೆಗೆ ನಾವು ಸಿಟ್ಟಿನಿಂದ ಆ ಒಡೆದ ಟ್ಯೂಬನ್ನು ಹಿಡಿದುಕೊಂಡು ನಮ್ಮೂರ ಸೈಕಲ್ ರಿಪೇರಿಯ ಹಿರಿಯರ ಕಡೆಗೆ ಹೋಗಿ, ಅದನ್ನು ಮಾರಿದ ಸಂತೆಯ ಅಂಗಡಿಕಾರನನ್ನು ಬೈಯತೊಡಗಿದೆವು. ಅವರು ಟ್ಯೂಬನ್ನು ಬೆರಳುಗಳ ಮೇಲೆ ಜಗ್ಗಿ ಬೆಳಕಿಗೆ ಹಿಡಿದರು. ಮಡಿಕೆ ಬಿದ್ದ ಜಾಗದಲ್ಲಿ, ಬೇಸಿಗೆಯ ಎರೆಭೂಮಿಯ ಹಾಗೆ, ಸಾಲು ಸಾಲಾಗಿ ಬಿರುಕುಗಳು ಬಾಯಿ ತೆರೆದವು. “ಮಾಸ್ತರ, ಅಂಗಡ್ಯಾಂವಗ ಯಾಕ ಬೈತೀರಿ? ಟೂಬ್ ಚಲೋನ ಇತ್ತು. ನಿಮ್ಮ ಮನ್ಯಾಗ ಇದ್ದು ಇದ್ದು ಮುಪ್ಪಾತು, ಅಷ್ಟ!” ಎಂದರು. ನಾವು ಸುಮ್ಮನಾದೆವು. ಮುಪ್ಪು ಎಂಬುದು ಉಪಯೋಗದಿಂದ ಮಾತ್ರ ಬರುವದಿಲ್ಲ, ಸುಮ್ಮನೆ ಇಟ್ಟರೂ ಬರುವದು ಎಂಬ ಮಾತು ನಿವೃತ್ತ ಮಾಸ್ತರನಿಗೆ ತಿಳಿಯದ್ದೇನಲ್ಲ. ಆದರೂ ರಬ್ಬರಿನ ವಿಷಯದಲ್ಲಿ ಅದು ನಮಗೆ ಹೊಳೆದಿರಲಿಲ್ಲ. ಅಂದಿನಿಂದ ನಾವು ಕೇಳಿ, ಓದಿ, ಕೈಯಿಂದ ಮಾಡಿ ನೋಡಿ ತಿಳಿದುಕೊಂಡದ್ದನ್ನು ಇಲ್ಲಿ ಕ್ರಮವಾಗಿ ನಿವೇದಿಸುತ್ತೇವೆ.

ಮೊದಲು ರಬ್ಬರೆಂದರೇನು ಎಂಬುದನ್ನು ನೋಡೋಣ. ಅದು ಮೂಲತಃ ಒಂದು ಗಿಡದ ಹಾಲು. ನಮ್ಮ ವೈದ್ಯಶಾಸ್ತ್ರದಲ್ಲಿ ಆಲ, ಅತ್ತಿ, ಅರಳಿ, ಬಸರಿ ಮೊದಲಾದವುಗಳಿಗೆ ಕ್ಷೀರವೃಕ್ಷಗಳೆಂದು ಹೆಸರು. ಎಕ್ಕೆಯ ಹಾಲನ್ನಂತೂ ಬದುವಿನಲ್ಲಿ ಆಡಿದ ಹುಡುಗರೆಲ್ಲ ಬಲ್ಲರು. ದಕ್ಷಿಣ ಅಮೇರಿಕೆಯ ಆಮೆಝಾನ್ ನದಿಯ ಅರಣ್ಯದ ಹೆವಿಯಾ ಎಂಬ ವೃಕ್ಷದ ಹಾಲಿನಲ್ಲಿ ಈ ಜಿಗುಟು ದ್ರವ್ಯವು ಹೇರಳವಾಗಿ, ನೂರಕ್ಕೆ ಮೂವತ್ತು-ನಾಲ್ವತ್ತು ಪಾಲಿನವರೆಗೆ ಇರುತ್ತದೆ. ಈ ಹಾಲಿಗೇ ಲ್ಯಾಟೆಕ್ಸ್ ಎಂದು ಹೆಸರು. ೧೮೭೬ರಲ್ಲಿ ಹೆನ್ರಿ ವಿಕ್‌ಹ್ಯಾಮ್ ಎಂಬ ಆಂಗ್ಲನು ಅದರ ಸುಮಾರು ೭೦,೦೦೦ ಬೀಜಗಳನ್ನು ಬ್ರಾಝಿಲ್ ದೇಶದಿಂದ ಲಂಡನ್ನಿನ ಹತ್ತಿರದ ಕ್ಯೂ ಎಂಬಲ್ಲಿಯ ಸಸ್ಯೋದ್ಯಾನಕ್ಕೆ ಒಯ್ದನು. ಅಲ್ಲಿ ಮೊಳೆತ ಸಸಿಗಳು ಸಿಂಹಳಕ್ಕೂ ಮಲಯಕ್ಕೂ ಹೋದವು. ಇಂದು ಕೇರಳದಲ್ಲಿ ಅದರ ದೊಡ್ಡ ಬೆಳೆ ಇದೆ. ನಮ್ಮ ಕನ್ನಡನಾಡಿನಲ್ಲಿಯೂ ದಕ್ಷಿಣ ಕನ್ನಡದ ಸುಳ್ಯ, ಪುತ್ತೂರು ಕಡೆಗೆ ರಬ್ಬರಿನ ತೋಟಗಳಿವೆ. ಕಾಸರಗೋಡಿನ ಕನ್ನಡಿಗರಿಗೂ ಆ ಗಿಡ ಹೊಸದಲ್ಲ. ಬೆಳಗಿನ ಜಾವದಲ್ಲಿ ತೊಗಟೆಯನ್ನು ಓರೆಯಾಗಿ ಕೆತ್ತಿ, ಚಿಪ್ಪಿನಲ್ಲಿ ಹಾಲು ಹಿಡಿದು, ಆಮ್ಲ ಬೆರೆಸಿ ಹೆಪ್ಪುಗಟ್ಟಿಸಿ, ಹಾಳೆ ಮಾಡಿ ಹೊಗೆಗೆ ಒಣಗಿಸುತ್ತಾರೆ. ಪೆನ್ಸಿಲ್ಲಿನ ಗೆರೆಯನ್ನು ಉಜ್ಜಿ ಅಳಿಸಲು ಬರುವದೆಂದು ೧೭೭೦ರಲ್ಲಿ ಪ್ರೀಸ್ಟ್ಲೆ ಎಂಬ ಶಾಸ್ತ್ರಜ್ಞನು ಬರೆದನು. ಇಂಗ್ಲಿಷಿನಲ್ಲಿ ಉಜ್ಜುವದಕ್ಕೆ ‘ರಬ್’ ಎನ್ನುವರಾದ್ದರಿಂದ ಆ ಹೆಸರೇ ನಿಂತಿತು.

ಆದರೆ ಬರಿಯ ರಬ್ಬರು ಬಿಸಿಲಿಗೆ ಕರಗಿ ಅಂಟು, ಚಳಿಗೆ ಬಿರುಸು. ೧೮೩೯ರಲ್ಲಿ ಅಮೇರಿಕೆಯ ಚಾರ್ಲ್ಸ್ ಗುಡ್‌ಇಯರನು ಅದಕ್ಕೆ ಗಂಧಕ ಕೂಡಿಸಿ ಕಾಸಿದರೆ ಈ ಎರಡೂ ದೋಷಗಳು ಹೋಗುವವೆಂದು ಕಂಡುಹಿಡಿದನು. ೧೮೪೪ರಲ್ಲಿ ಹಕ್ಕುಪತ್ರ ಪಡೆದನು. ರೋಮನರ ಅಗ್ನಿದೇವನ ಹೆಸರಿನಿಂದ ಪಾಶ್ಚಾತ್ಯರು ಈ ಕ್ರಿಯೆಗೆ ವಲ್ಕನೀಕರಣವೆನ್ನುವರು. ಅಗ್ನಿಸಂಸ್ಕಾರವೆಂದು ಭಾಷಾಂತರಿಸಬಹುದಾಗಿತ್ತು, ಆದರೆ ಆ ಮಾತಿಗೆ ನಮ್ಮಲ್ಲಿ ಬೇರೊಂದು ಅರ್ಥವು ರೂಢವಾಗಿರುವದರಿಂದ ಗಂಧಕಪಾಕವೆನ್ನೋಣ. ರಬ್ಬರೆಂಬುದು ಅತಿ ಉದ್ದವಾದ ಸರಪಳಿಗಳ ಗೋಜಲು; ಗಂಧಕವು ಆ ಸರಪಳಿಗಳ ನಡುವೆ ಅಲ್ಲಲ್ಲಿ ಗಂಟು ಹಾಕುವದು. ಆದ್ದರಿಂದಲೇ ಜಗ್ಗಿದರೆ ಹಿಗ್ಗುವದು, ಬಿಟ್ಟರೆ ತನ್ನ ಸ್ಥಿತಿಗೆ ಮರಳುವದು. ಗಾಳಿ ತುಂಬಿದ ಗಾಲಿಯ ಕಲ್ಪನೆಯನ್ನು ೧೮೪೫ರಲ್ಲಿಯೇ ರಾಬರ್ಟ್ ಥಾಮ್ಸನ್ ಎಂಬವನು ಮುಂದಿಟ್ಟಿದ್ದನು. ಆದರೆ ಅದು ಮನೆಮಾತಾದದ್ದು ೧೮೮೮ರಲ್ಲಿ, ಬೆಲ್‌ಫಾಸ್ಟ್ ನಗರದ ಪಶುವೈದ್ಯ ಜಾನ್ ಡನ್‌ಲಪ್ಪನು ತನ್ನ ಮಗನ ಮೂರು ಗಾಲಿಯ ಸೈಕಲ್ಲಿಗೆ ಅಂಥ ಗಾಲಿಯನ್ನು ಅಳವಡಿಸಿದ ಮೇಲೆ. ಮಗುವಿನ ಆಟದ ಗಾಡಿಯಿಂದ ಹುಟ್ಟಿದ ಈ ಉಪಕಾರವು ಇಂದು ನಮ್ಮ ಹೊಲದ ದಾರಿಯವರೆಗೂ ಬಂದಿದೆ.

ಪೇಟೆಯಲ್ಲಿ ಸಿಗುವ ಟ್ಯೂಬುಗಳಲ್ಲಿ ಮೂರು ಜಾತಿಗಳುಂಟು. ಮೊದಲನೆಯದು ಗಿಡದ ರಬ್ಬರಿನ ಸಾದಾ ಟ್ಯೂಬು. ಎರಡನೆಯದು ಬ್ಯುಟೈಲ್ ಎಂಬ ಕೃತ್ರಿಮ ರಬ್ಬರಿನದು; ಇದನ್ನು ೧೯೩೭ರಲ್ಲಿ ಅಮೇರಿಕೆಯ ಸ್ಪಾರ್ಕ್ಸ್ ಮತ್ತು ಥಾಮಸ್ ಎಂಬಿಬ್ಬರು ರಸಾಯನಜ್ಞರು ಖನಿಜ ತೈಲದ ಅನಿಲಗಳಿಂದ ಸಿದ್ಧಪಡಿಸಿದರು. ಗಿಡದ ರಬ್ಬರಿನಲ್ಲಿ ಗಾಳಿಯು ಎಷ್ಟು ನುಸುಳುವದೋ ಅದರ ಎಂಟು-ಹತ್ತನೆಯ ಒಂದು ಪಾಲು ಮಾತ್ರ ಬ್ಯುಟೈಲಿನಲ್ಲಿ ನುಸುಳುವದು. ಮೂರನೆಯದು ಅಪ್ಪಟ ಲ್ಯಾಟೆಕ್ಸಿನದು. ಇದನ್ನು ಹೆಪ್ಪುಗಟ್ಟಿಸಿ ನಾದಿದ ರಬ್ಬರಿನಿಂದ ಮಾಡುವದಿಲ್ಲ. ಅಚ್ಚಿನ ಕೊಳವೆಯನ್ನು ಹಾಲಿನಲ್ಲಿಯೇ ಅದ್ದಿ ಅದ್ದಿ ತೆಗೆದು, ಕಾಸಿ ಒಣಗಿಸುತ್ತಾರೆ. ನಾದುವಾಗ ಹರಿಯುವ ಸರಪಳಿಗಳು ಇದರಲ್ಲಿ ಹರಿಯದೆ ಉಳಿಯುವದರಿಂದ ಇದು ಬಹಳ ತೆಳುವಾಗಿದ್ದರೂ ಬಹಳ ಹಿಗ್ಗುವದು.

ಈ ಮೂರನೆಯ ಜಾತಿಯನ್ನು ನಮಗೆ ತೋರಿಸಿದವನು ನಮ್ಮ ಹಳೆಯ ವಿದ್ಯಾರ್ಥಿ. ವಿಜಯಪುರ-ಬಾಗಲಕೋಟೆಯ ಈ ಸೀಮೆಯು ಸೈಕಲ್ ಓಟಗಾರರ ತವರುಮನೆ ಎಂಬುದನ್ನು ವಾಚಕರು ಬಲ್ಲರು. ಜಾತ್ರೆಗಳಲ್ಲಿ ಸೈಕಲ್ ಶರ್ಯತ್ತುಗಳಾಗುತ್ತವೆ. ಅಲ್ಲಿ ಗೆದ್ದ ಒಕ್ಕಲಿಗರ ಮಕ್ಕಳು ರಾಜ್ಯ, ರಾಷ್ಟ್ರದ ಪಂದ್ಯಗಳವರೆಗೆ ಹೋಗುತ್ತಾರೆ. ಈ ಹುಡುಗನೂ ಅಂಥವನು. ಅವನು ತಂದು ತೋರಿಸಿದ ಲ್ಯಾಟೆಕ್ಸ್ ಟ್ಯೂಬು ಈರುಳ್ಳಿಯ ಒಳಸಿಪ್ಪೆಯಂತೆ ನಸುಗೆಂಪು, ಹಗುರು, ಬೆಳಕು ಹಾಯುವಷ್ಟು ತೆಳುವು. “ಸರ್, ಇದಕ್ಕ ದಿನಾ ಮುಂಜಾನೆ ಹವಾ ಹೊಡೀಬೇಕ್ರಿ. ರಾತ್ರಿ ಬಿಟ್ಟರ ಬೆಳಗ್ಗೆ ಮೆತ್ತಗಾಗಿರ್ತದ” ಎಂದನು. ಕಾರಣ ಸ್ಪಷ್ಟವೇ, ತೆಳುವಾದ ಗಿಡದ ರಬ್ಬರಿನೊಳಗಿಂದ ಗಾಳಿಯು ಮೆಲ್ಲಗೆ ಸೋರುತ್ತಲೇ ಇರುವದು. ಹಾಗಾದರೆ ಇದೇಕೆಂದು ಕೇಳಿದೆವು. ಮೃದುವಾದದ್ದರಿಂದ ನೆಲದೊಡನೆ ಹೊಂದಿಕೊಂಡು ಗಾಲಿ ಹಗುರಾಗಿ ಉರುಳುವದು. ಹಿಗ್ಗುವದರಿಂದ ಸಣ್ಣ ಹರಳುಗಳಿಗೆ ಸ್ವಲ್ಪ ತಾಳಿಕೊಳ್ಳುವದು. ಓಟಗಾರನಿಗೆ ಅದು ಲಾಭ. ದಿನಾ ಶಾಲೆಗೆ, ಸಂತೆಗೆ ಹೋಗುವವರಿಗೆ ಅದರ ಗೊಡವೆ ಬೇಡ. ಅವರಿಗೆ ಬ್ಯುಟೈಲಿನ ಟ್ಯೂಬೇ ಯೋಗ್ಯ. ಆದರೆ ಮುಪ್ಪು ಹೇಗೆ ಬರುವದೆಂಬುದನ್ನು ಕಲಿಯಲು ಲ್ಯಾಟೆಕ್ಸಿಗಿಂತ ಒಳ್ಳೆಯ ಪಾಠವಿಲ್ಲ. ಇತರ ಟ್ಯೂಬುಗಳಿಗೆ ವರುಷಗಳ ಮೇಲೆ ಬರುವ ರೋಗವು ಅದಕ್ಕೆ, ಬಿಸಿಲಿಗೆ ಬಿಟ್ಟರೆ, ಬಹು ಬೇಗನೆ ಬರುವದು.

ಮನುಷ್ಯನಿಗೆ ಅರಿಷಡ್ವರ್ಗವೆಂದು ಆರು ಶತ್ರುಗಳನ್ನು ಹಿರಿಯರು ಎಣಿಸಿದ್ದಾರೆ. ರಬ್ಬರಿಗೂ ಲೆಕ್ಕ ಹಾಕಿದರೆ ಆರೇ ಆಗುವವು.

ಒಂದನೆಯದು ಬೆಳಕು. ಬಿಸಿಲಿನಲ್ಲಿರುವ ಕಣ್ಣಿಗೆ ಕಾಣದ ನೇರಳಾತೀತ ಕಿರಣಗಳು ಸರಪಳಿಗಳನ್ನು ಕಡಿಯುತ್ತವೆ. ಕರಿಯ ಟ್ಯೂಬಿನಲ್ಲಿ ಬೆರೆಸಿದ ಇಂಗಾಲದ ಮಸಿಯು ಅದಕ್ಕೆ ಕೊಡೆಯಂತೆ ರಕ್ಷಣೆ ಕೊಡುವದು; ಕೆಂಪು ಟ್ಯೂಬಿಗೂ ಲ್ಯಾಟೆಕ್ಸಿಗೂ ಆ ಕೊಡೆ ಇಲ್ಲ.

ಎರಡನೆಯದು ಬಿಸಿ. ಹತ್ತು ಡಿಗ್ರಿ ಶಾಖ ಏರಿದರೆ ಮುಪ್ಪಿನ ವೇಗ ಸುಮಾರು ಇಮ್ಮಡಿಯಾಗುವದೆಂಬುದು ರಸಾಯನಶಾಸ್ತ್ರದ ಸ್ಥೂಲ ನಿಯಮ. ನಮ್ಮ ಸೀಮೆಯ ಬೇಸಿಗೆಯಲ್ಲಿ ನೆರಳಿನಲ್ಲಿಯೇ ೪೦ ಡಿಗ್ರಿ ದಾಟುವ ದಿನಗಳುಂಟು. ತಗಡಿನ ಮಾಡಿನ ಕೆಳಗಿನ ಅಟ್ಟದ ಮಾತನ್ನು ಕೇಳುವದೇ ಬೇಡ.

ಮೂರನೆಯದು ಪ್ರಾಣವಾಯು. ನಮಗೆ ಪ್ರಾಣ ಕೊಡುವದೇ ರಬ್ಬರಿನ ಪ್ರಾಣ ತೆಗೆಯುವದು. ಅದು ಒಳಹೊಕ್ಕು ಸರಪಳಿಗಳನ್ನು ಕಡಿದಲ್ಲಿ ರಬ್ಬರು ಅಂಟಂಟಾಗುವದು. ಹೆಚ್ಚು ಗಂಟು ಹಾಕಿದಲ್ಲಿ ಬಿರುಸಾಗಿ ಚಕ್ಕಳದಂತಾಗುವದು. ಗಿಡದ ರಬ್ಬರಿನ ಸರಪಳಿಯಲ್ಲಿ ಇದು ಕೈಹಾಕತಕ್ಕ ಸಂದುಗಳು ಬಹಳ. ಬ್ಯುಟೈಲಿನಲ್ಲಿ ಬಹಳ ಕಡಿಮೆ. ಬ್ಯುಟೈಲು ಹೆಚ್ಚು ಬಾಳುವದರ ರಹಸ್ಯವಿದೇ.

ನಾಲ್ಕನೆಯದು ಓಝೋನು. ಇದು ಪ್ರಾಣವಾಯುವಿನದೇ ಉಗ್ರ ರೂಪ. ಗಾಳಿಯಲ್ಲಿ ಇದರ ಅಂಶ ಅತ್ಯಲ್ಪ, ಆದರೆ ಕಿಡಿ ಹಾರುವ ಮೋಟಾರುಗಳು, ವೆಲ್ಡಿಂಗ್ ಯಂತ್ರಗಳು ಇದ್ದಲ್ಲಿ ಹೆಚ್ಚು ಹುಟ್ಟುವದು. ಇದರ ಸ್ವಭಾವ ವಿಚಿತ್ರ. ಸಡಿಲಾಗಿ ಬಿದ್ದ ರಬ್ಬರಿಗೆ ಇದು ಹೆಚ್ಚು ಬಾಧಿಸುವದಿಲ್ಲ. ಜಗ್ಗಿದ ರಬ್ಬರನ್ನು ಜಗ್ಗಿದ ದಿಕ್ಕಿಗೆ ಅಡ್ಡಲಾಗಿ ಸೀಳುವದು. ಟ್ಯೂಬನ್ನು ಬಿಗಿಯಾಗಿ ಮಡಿಚಿದಾಗ ಮಡಿಕೆಯ ಹೊರಮೈ ಸದಾ ಜಗ್ಗಿದ ಸ್ಥಿತಿಯಲ್ಲಿರುವದು. ನಮ್ಮ ಟ್ಯೂಬು ಮಡಿಕೆಯಲ್ಲಿಯೇ ಸಾಲುಬಿರುಕು ಬಿಟ್ಟದ್ದು ಇದಕ್ಕಾಗಿ. ಶತ್ರುಗಳು ಆರಿದ್ದರೂ, ಮಡಿಕೆಯು ಅವರಿಗೆ ನಾವೇ ತೆರೆದುಕೊಟ್ಟ ಅಗಸಿಬಾಗಿಲು.

ಐದನೆಯದು ಎಣ್ಣೆ. ಶೇಂಗಾ ಎಣ್ಣೆ, ಸೀಮೆ ಎಣ್ಣೆ, ಪೆಟ್ರೋಲು, ಗ್ರೀಸು, ಯಾವದಾದರೂ ಸರಿ, ಗಿಡದ ರಬ್ಬರನ್ನು ಉಬ್ಬಿಸಿ ಬಲಗುಂದಿಸುವದು. ಕೆಲವರು ಟಾಯರು ಮಿರಿಮಿರಿ ಮಿಂಚಲೆಂದು ಎಣ್ಣೆಯ ಅರಿವೆಯಿಂದ ಒರಸುತ್ತಾರೆ. ಅದು ಉಪಚಾರವಲ್ಲ, ಅಪಚಾರ. ತೊಳೆಯಬೇಕಾದರೆ ಸಾಬೂನಿನ ನೀರು ಸಾಕು.

ಆರನೆಯದು ತಾಮ್ರ. ತಾಮ್ರದ ಕಿಲುಬು ತಗಲಿದರೆ ಪ್ರಾಣವಾಯುವಿನ ಕೆಲಸಕ್ಕೆ ಒತ್ತಾಸೆಯಾಗುವದು. ನಾವು ಹಂಡೆಯಲ್ಲಿಟ್ಟಿದ್ದ ಎರಡನೆಯ ಟ್ಯೂಬನ್ನು ತೆಗೆದು ನೋಡಿದಾಗ, ತಳಕ್ಕೆ ತಗಲಿದ ಮೈಯು ಅಂಟಾಗಿ ಹಂಡೆಗೇ ಹತ್ತಿತ್ತು. ಈಗಿನ ಕಾರಖಾನೆಗಳಲ್ಲಿ ಮುಪ್ಪು ತಡೆಯುವ ದ್ರವ್ಯಗಳನ್ನು ಬೆರೆಸುವರು, ನಿಜ. ಆದರೆ ಅವು ಕಾವಲುಗಾರರಿದ್ದಂತೆ. ತಾವೇ ಸವೆದು ಹೋಗುವವರೆಗೆ ಕಾಯುವವು, ಆಮೇಲೆ ಇಲ್ಲ.

ಇನ್ನು ಮುಖ್ಯ ಪ್ರಶ್ನೆ: ಎಷ್ಟು ವರುಷ? ರಬ್ಬರಿನ ಸಾಮಾನುಗಳನ್ನು ಉಪಯೋಗಕ್ಕೆ ಮೊದಲು ಎಷ್ಟು ಕಾಲ ಇಡಬಹುದೆಂಬುದಕ್ಕೆ ಅಂತರರಾಷ್ಟ್ರೀಯ ಮಾನಕ ಸಂಸ್ಥೆಯವರು ಒಂದು ನಿಯಮಾವಳಿ ಮಾಡಿದ್ದಾರೆ. ಅದರ ಸಂಖ್ಯೆ ೨೨೩೦. ಅದು ಸೈಕಲ್ ಟ್ಯೂಬಿಗಾಗಿಯೇ ಬರೆದದ್ದಲ್ಲ, ಆದರೆ ದ್ರವ್ಯ ಅದೇ. ಅದರ ಮೇರೆಗೆ ಗಿಡದ ರಬ್ಬರಿನ ವಸ್ತುವಿಗೆ ಮೊದಲು ೫ ವರುಷ. ಪರೀಕ್ಷಿಸಿ ಚೆನ್ನಾಗಿದ್ದರೆ ಮತ್ತೆ ೨ ವರುಷ. ಬ್ಯುಟೈಲಿಗೆ ೭ ವರುಷ, ಪರೀಕ್ಷಿಸಿ ಮತ್ತೆ ೩. ಆದರೆ ಇದು ಸರಿಯಾಗಿ ಸುತ್ತಿ, ಕತ್ತಲಲ್ಲಿ, ೨೫ ಡಿಗ್ರಿಯ ಒಳಗಿನ ತಂಪಿನಲ್ಲಿ, ಜಗ್ಗದೆ-ಮಡಿಚದೆ ಇಟ್ಟ ವಸ್ತುವಿನ ಮಾತು. ಮೇಲೆ ಹೇಳಿದ ಸ್ಥೂಲ ನಿಯಮವನ್ನು ಹಚ್ಚಿದರೆ, ಸದಾ ೩೫ ಡಿಗ್ರಿಯಲ್ಲಿ ಬಿದ್ದ ಗಿಡದ ರಬ್ಬರಿಗೆ ಆ ಐದು ವರುಷಗಳು ಎರಡೂವರೆ ಆಗುವವು. ನಮ್ಮಲ್ಲಿ ವರುಷವಿಡೀ ಅಷ್ಟು ಬಿಸಿ ಇರುವದಿಲ್ಲ. ಆದರೂ ಗೃಹಸ್ಥರು ಲೆಕ್ಕವನ್ನು ಬಿಗಿಯಾಗಿ ಹಿಡಿಯುವದೇ ಲೇಸು. ನಾವು ಈಗ ನಮ್ಮ ಮನೆಗೆ ಮಾಡಿಕೊಂಡ ಕಟ್ಟಳೆ ಇಷ್ಟು: ಸಾದಾ ಟ್ಯೂಬು ಮೂರು ವರುಷ, ಬ್ಯುಟೈಲ್ ಐದು ವರುಷ, ಅದಕ್ಕಿಂತ ಹಳೆಯದನ್ನು ನಂಬಿ ದೂರದ ದಾರಿಗೆ ಹೋಗಬಾರದು.

ಉಪಯೋಗದಲ್ಲಿರುವ ಟ್ಯೂಬಿನ ಮಾತು ಬೇರೆ. ಅದು ಟಾಯರಿನ ಕತ್ತಲೆಯೊಳಗೆ ಬೆಳಕಿನಿಂದ ಪಾರಾಗಿರುವದು. ಆದ್ದರಿಂದ ಹೊರಗೆ ತೂಗಿದ ಟ್ಯೂಬಿಗಿಂತ ಗಾಲಿಯೊಳಗೆ ಹದವಾಗಿ ಗಾಳಿ ತುಂಬಿದ ಟ್ಯೂಬು ಹೆಚ್ಚು ಬಾಳಿದ ಉದಾಹರಣೆಗಳೂ ಉಂಟು. ಅದನ್ನು ಕೊಲ್ಲುವದು ಮುಪ್ಪಿಗಿಂತ ಅಪಘಾತವೇ. ನಮ್ಮ ಸೀಮೆಯಲ್ಲಿ ಅಗ್ರಪೂಜೆ ಜಾಲಿಯ ಮುಳ್ಳಿಗೂ ನೆಗ್ಗಿನ ಮುಳ್ಳಿಗೂ ಸಲ್ಲಬೇಕು. ನೆಗ್ಗಿಗೆ ಸಂಸ್ಕೃತದಲ್ಲಿ ಗೋಕ್ಷುರವೆಂದು ಹೆಸರು. ವೈದ್ಯರಿಗೆ ಅದು ಔಷಧಿ, ಸೈಕಲ್ಲಿನವರಿಗೆ ಶೂಲ. ಎರಡನೆಯದು ಗಾಳಿ ಕಡಿಮೆ ಇಟ್ಟು ನಡೆಯಿಸುವದು. ಆಗ ತಗ್ಗಿನಲ್ಲಿ ಟ್ಯೂಬು ರಿಮ್ಮಿಗೂ ಟಾಯರಿಗೂ ನಡುವೆ ಸಿಕ್ಕು, ಹಾವು ಕಚ್ಚಿದಂತೆ ಎರಡು ತೂತು ಬೀಳುವವು. ಮೂರನೆಯದು ರಿಮ್ಮಿನೊಳಗಿನ ಪಟ್ಟಿ ಹರಿದು, ತಂತಿಯ ತುದಿಗಳು ಒಳಗಿಂದ ಚುಚ್ಚುವದು. ಹೊಸ ಟ್ಯೂಬು ಹಾಕಿದ ವಾರದಲ್ಲಿಯೇ ಮತ್ತೆ ಮತ್ತೆ ಗಾಳಿ ಹೋದರೆ, ಅಂಗಡಿಯನ್ನು ಬೈಯುವ ಮೊದಲು ಟಾಯರಿನ ಒಳಮೈಯನ್ನು ಬೆರಳಿನಿಂದ ಮೆಲ್ಲಗೆ ಸವರಿ ಮುರಿದುಳಿದ ಮುಳ್ಳಿದೆಯೇ ನೋಡಬೇಕು; ಆಮೇಲೆ ಈ ಪಟ್ಟಿಯನ್ನು ನೋಡಬೇಕು.

ಇನ್ನೊಂದು ಬಹು ಸಣ್ಣ ಅಂಗವಿದೆ. ನಮ್ಮ ಸಾದಾ ಸೈಕಲ್ಲಿನ ವಾಲ್ವಿನೊಳಗೆ ಬೆರಳುದ್ದವೂ ಇಲ್ಲದ ಒಂದು ರಬ್ಬರಿನ ಕೊಳವೆ ಇರುತ್ತದೆ, ವಾಲ್‌ಟ್ಯೂಬು ಎನ್ನುವರು. ಅದು ಗಿಡದ ರಬ್ಬರಿನದು, ತೆಳುವು, ಸದಾ ಜಗ್ಗಿಕೊಂಡೇ ಇರುವಂಥದು. ಆದ್ದರಿಂದ ಎಲ್ಲಕ್ಕಿಂತ ಮೊದಲು ಮುಪ್ಪಾಗುವದು ಅದೇ. ರಾತ್ರಿ ಗಾಳಿ ಹೋಯಿತೆಂದರೆ ಟ್ಯೂಬನ್ನು ಬಿಚ್ಚುವ ಮೊದಲು ವಾಲ್ವಿನ ಬಾಯಿಗೆ ಉಗುಳು ಹಚ್ಚಿ ನೋಡಬೇಕು. ಗುಳ್ಳೆ ಎದ್ದರೆ ತಪ್ಪು ಅಲ್ಲಿಯೇ. ಅದರ ಬೆಲೆ ಒಂದು ಕಪ್ಪು ಚಹಕ್ಕಿಂತ ಕಡಿಮೆ. ವರುಷಕ್ಕೊಮ್ಮೆ, ಶಾಲೆ ಆರಂಭವಾಗುವ ಮೊದಲು, ಕೇಳದೆಯೇ ಬದಲಿಸಿಬಿಡತಕ್ಕದ್ದು.

ತೇಪೆಯ ವಿಷಯದಲ್ಲಿ ಎರಡು ಮಾತು. ತೂತಿನ ಸುತ್ತ ಉಸುಕಿನ ಕಾಗದದಿಂದ ತಿಕ್ಕಿ, ದ್ರಾವಣವನ್ನು ತೆಳುವಾಗಿ ಹಚ್ಚಿ, ಅದು ಒಣಗಿ ಹೊಳಪು ಕಳೆದುಕೊಂಡ ಮೇಲೆ ತೇಪೆಯನ್ನು ಒತ್ತಬೇಕು. ಅವಸರದಿಂದ ಹಸಿಯಲ್ಲಿ ಹಚ್ಚುವದೇ ತೇಪೆ ಏಳುವದರ ಮುಖ್ಯ ಕಾರಣ. ಬಿರುಕು ಬಿಟ್ಟ ಅಥವಾ ಅಂಟಾದ ಟ್ಯೂಬಿಗೆ ತೇಪೆ ಹಾಕುವದು ವ್ಯರ್ಥ. ತೂತು ರೋಗವಾದರೆ ಮದ್ದುಂಟು, ಮುಪ್ಪಿಗೆ ಮದ್ದಿಲ್ಲ.

ಇಡುವ ಕ್ರಮವನ್ನು ಹೇಳಿ ಮುಗಿಸುತ್ತೇವೆ. ಹೊಸ ಟ್ಯೂಬು ತಂದ ದಿನವೇ ಅದರ ಮೈಗೆ ಮುಖಕ್ಕೆ ಹಚ್ಚುವ ಸಾದಾ ಪೌಡರನ್ನು ಸವರಬೇಕು. ಮೈಗೆ ಮೈ ಅಂಟುವದಿಲ್ಲ. ಬಿಗಿ ಮಡಿಕೆಯನ್ನು ಬಿಡಿಸಿ, ಒಳಮೈ ಕೂಡದಷ್ಟು ಅತ್ಯಲ್ಪ ಗಾಳಿ ಬಿಟ್ಟು, ಶಾವಿಗೆಯ ಸಿಂಬಿಯ ಹಾಗೆ ಸಡಿಲಾಗಿ ಸುತ್ತಬೇಕು. ದಾರ, ರಬ್ಬರ್ ಬ್ಯಾಂಡು ಬಿಗಿಯಬಾರದು. ಕಾಗದದಲ್ಲಿ ಸುತ್ತಿ, ಬೆಳಕು ಹಾಯದ ಚೀಲದಲ್ಲಿ ಗಾಳಿಯನ್ನು ಒತ್ತಿ ತೆಗೆದು ಕಟ್ಟಿ, ಮನೆಯ ನಡುವಿನ ತಂಪಾದ ಕೋಣೆಯ ಟ್ರಂಕಿನಲ್ಲಿ, ಅರಿವೆಗಳ ನಡುವೆ ಇಡಬೇಕು. ಮೇಲ್ಮುದ್ದೆಯ ಮಣ್ಣಿನ ಮನೆಯುಳ್ಳವರು ಭಾಗ್ಯವಂತರು. ಅಂಥ ತಂಪು ತಗಡಿನ ಕೆಳಗೂ ಸ್ಲ್ಯಾಬಿನ ಕೆಳಗೂ ಸಿಗುವದಿಲ್ಲ. ಒಲೆಯ ಮಗ್ಗುಲು, ಎಣ್ಣೆಯ ಡಬ್ಬಿಯ ಮಗ್ಗುಲು, ಮೋಟಾರಿನ ಮಗ್ಗುಲು, ತಾಮ್ರ-ಹಿತ್ತಾಳೆಯ ಪಾತ್ರೆಯ ಒಳಗೆ ಸರ್ವಥಾ ಇಡಬಾರದು. ಕೊಂಡ ತಿಂಗಳು, ವರುಷವನ್ನು ಕಾಗದದ ಮೇಲೆ ಬರೆಯಲು ಮರೆಯಬಾರದು. ನೆನಪಿನಲ್ಲಿ ಎಲ್ಲ ಸಾಮಾನೂ ಹೊಸದಾಗಿಯೇ ಇರುತ್ತದೆ.

ಸೈಕಲ್ಲನ್ನೇ ತಿಂಗಳುಗಟ್ಟಲೆ ನಿಲ್ಲಿಸುವದಾದರೆ ಗಾಳಿ ಇಲ್ಲದ ಗಾಲಿಯ ಮೇಲೆ ಭಾರ ಬೀಳಗೊಡಬಾರದು. ಜಂತಿಗೆ ತೂಗು ಹಾಕಬೇಕು, ಇಲ್ಲವೆ ತಲೆಕೆಳಗಾಗಿ ನಿಲ್ಲಿಸಬೇಕು. ತಿಂಗಳಿಗೊಮ್ಮೆ ಸ್ವಲ್ಪ ಗಾಳಿ ಹಾಕಬೇಕು. ನಡೆಯುತ್ತಿರುವ ಸೈಕಲ್ಲಿಗೆ ವಾರಕ್ಕೊಮ್ಮೆ ಗಾಳಿ, ಮಧ್ಯಾಹ್ನದ ಬಿಸಿಲಿನಲ್ಲಿ ನೆರಳು, ಇಷ್ಟು ಕೊಟ್ಟರೆ ಟ್ಯೂಬು ತನ್ನ ಋಣವನ್ನು ತೀರಿಸುವದು.

ಹಳೆಯ ದಾಸ್ತಾನಿನ ಟ್ಯೂಬನ್ನು ಉಪಯೋಗಿಸುವ ಪ್ರಸಂಗ ಬಂದರೆ, ಮಡಿಕೆಗಳನ್ನು ಬೆರಳಿನ ಮೇಲೆ ಜಗ್ಗಿ ಬೆಳಕಿಗೆ ಹಿಡಿಯಬೇಕು. ಕೂದಲಿನಂಥ ಗೆರೆ ಕಂಡರೂ ಬೇಡ. ವಾಲ್ವಿನ ಬುಡವನ್ನು ಅಲ್ಲಾಡಿಸಿ ನೋಡಬೇಕು. ಆಮೇಲೆ ದುಂಡಗಾಗುವಷ್ಟು ಗಾಳಿ ತುಂಬಿ, ನೀರಿನಲ್ಲಿ ಮುಳುಗಿಸಿ ನೋಡಿ, ಒಂದು ರಾತ್ರಿ ಹಾಗೆಯೇ ಬಿಡಬೇಕು. ಬೆಳಿಗ್ಗೆ ಅದು ನಿಂತಿದ್ದರೆ ಮೊದಲು ಊರೊಳಗೆ ನಡೆಯಿಸಿ ನೋಡಬೇಕು; ಪರೀಕ್ಷೆಯ ದಿನ, ಆಸ್ಪತ್ರೆಯ ದಿನ, ಬಸ್ಸು ಹಿಡಿಯುವ ದಿನ ಅದರ ಪ್ರಥಮ ಪ್ರಯೋಗ ಬೇಡ. ಇವಿಷ್ಟನ್ನು ನಾವು ಆ ಸಂಜೆ ಮಾಡಿದ್ದರೆ ಐದು ನಿಮಿಷದ ಕೆಲಸವಾಗಿತ್ತು.

ಆ ಹುಡುಗಿ ಪರೀಕ್ಷೆಯಲ್ಲಿ ಉತ್ತೀರ್ಣಳಾದಳು. ಈಗ ಕಾಲೇಜಿಗೆ ಹೋಗುತ್ತಾಳೆ. ಪರೀಕ್ಷೆ ಮುಗಿದ ಸಂಜೆ ನಾವು ಅವಳ ವಸ್ತಿಗೆ ಹೋಗಿ, ತಪ್ಪು ನಮ್ಮದೆಂದು ಅವಳ ತಂದೆತಾಯಿಗಳ ಮುಂದೆ ಹೇಳಿ, ಎರಡೂ ಗಾಲಿಗಳಿಗೆ ಅಂಗಡಿಯಿಂದ ಅಂದೇ ತಂದ ಟ್ಯೂಬುಗಳನ್ನು ಹಾಕಿಸಿಕೊಟ್ಟೆವು. ಅವಳು ನಕ್ಕು, “ಇರಲಿ ಬಿಡ್ರಿ ಅಜ್ಜಾರ, ಟೂಬಿಗೇನ್ ಗೊತ್ತಿತ್ತು, ನಂದು ಪರೀಕ್ಷಾ ಅದ ಅಂತ” ಎಂದಳು. ಟ್ಯೂಬಿಗೆ ಗೊತ್ತಿರಲಿಲ್ಲ ನಿಜ, ನಮಗೆ ಗೊತ್ತಿತ್ತಲ್ಲ.

ಸಂಗ್ರಹವು ಗೃಹಸ್ಥನಿಗೆ ಭೂಷಣ. ಆದರೆ ನೋಡದೆ ಇಟ್ಟದ್ದು ಸಂಗ್ರಹವಲ್ಲ, ಮರೆವು. ಆ ಮರೆತ ವಸ್ತುವನ್ನು ಇನ್ನೊಬ್ಬರಿಗೆ ಕೊಟ್ಟು ದಾನವೆನ್ನುವದು ಅದಕ್ಕಿಂತಲೂ ಕೆಟ್ಟದ್ದು. ನಮ್ಮ ಹಳ್ಳಿಗಳ ಪಡಸಾಲೆಗಳಲ್ಲಿ, ದನದ ಕೊಟ್ಟಿಗೆಗಳಲ್ಲಿ, ಅಕ್ಕಂದಿರು ಬಿಟ್ಟುಹೋದ ಸೈಕಲ್ಲುಗಳು ಎಷ್ಟೋ ನಿಂತಿವೆ; ಚೌಕಟ್ಟು ಗಟ್ಟಿ, ಸರಪಳಿ ಗಟ್ಟಿ, ಕೆಟ್ಟದ್ದು ಬರಿಯ ರಬ್ಬರು. ಅವುಗಳ ಗಾಲಿಗೆ ಎರಡು ಒಳ್ಳೆಯ ಟ್ಯೂಬು ಏರಿದರೆ ತಂಗಿಯರಿಗೆ ಶಾಲೆಯ ದಾರಿ ತೆರೆಯುವದು. ಆದ್ದರಿಂದ ಈ ಸಂಚಿಕೆಯನ್ನು ಕೆಳಗಿಟ್ಟ ಕೂಡಲೆ ವಾಚಕರು ತಮ್ಮ ಮನೆಯ ಅಟ್ಟವನ್ನು ಒಮ್ಮೆ ಏರಿ ನೋಡಬೇಕೆಂದು ನಮ್ಮ ವಿನಂತಿ.